ಹಳೆಯ ಎಂ.ಜಿ. ಕಾರಿನ ಉಸಿರು

ಕಾರ್ಬುರೇಟರಿನ ಹೆಸರನ್ನು ಕೇಳದ ಮನೆ ನಗರಗಳಲ್ಲಿ ವಿರಳ. ಸ್ಕೂಟರಾಗಲಿ, ಕಾರಾಗಲಿ, ಮಳೆಗಾಲದ ಬೆಳಿಗ್ಗೆ ಮೊಂಡು ಹಿಡಿದು ನಿಂತಿತೆಂದರೆ ಮೆಕ್ಯಾನಿಕ್ಕು ಮೊದಲು ದೂರುತ್ತಿದ್ದುದು ಅದನ್ನೇ. ಆದರೆ ಕಾರ್ಬುರೇಟರಿಗೂ ಎಂಜಿನಿಗೂ ನಡುವೆ ಒಂದು ಮೋಟು ಕೊಳವೆಯುಂಟು. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು. ಅದನ್ನು ಯಾರೂ ದೂರುವುದಿಲ್ಲ. ಹೊಗಳುವವರಂತೂ ಇಲ್ಲವೇ ಇಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮಕ್ಕಳಂತೆ ಸಾಕುವ ಪಾಶ್ಚಾತ್ಯ ಹವ್ಯಾಸಿಗಳನ್ನು ಕಟ್ಟಕಡೆಗೆ ನಿದ್ದೆಗೆಡಿಸುವುದು ಮಾತ್ರ ಈ ಕೊಳವೆಯೇ.

ಎಂ.ಜಿ.ಬಿ. ಕಾರಿನ ಕಥೆಯನ್ನೇ ನೋಡಬಹುದು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬಳಿಯ ಆಬಿಂಗ್ಡನ್ ಎಂಬ ಪುಟ್ಟ ಊರಿನಲ್ಲಿ 1962ರಿಂದ 1980ರವರೆಗೆ ಈ ಕಾರುಗಳು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಹೆಚ್ಚಿನ ಪಾಲು ಹಡಗೇರಿ ಅಮೆರಿಕವನ್ನು ಸೇರಿತು. ಅದರ ಎಂಜಿನು ನಮ್ಮವರಿಗೆ ತೀರ ಅಪರಿಚಿತವಲ್ಲ. ‘ಬಿ-ಸೀರೀಸ್’ ಎಂಬ ಆ ವಂಶದ 1489 ಸಿ.ಸಿ.ಯ ತಮ್ಮನೊಬ್ಬ ಅಂಬಾಸಡರ್ ಕಾರಿನ ಒಡಲಲ್ಲಿ ಕುಳಿತು ನಮ್ಮ ರಸ್ತೆಗಳಲ್ಲಿ ಬಹುಕಾಲ ದುಡಿದಿದ್ದಾನೆ. ಎಂ.ಜಿ.ಬಿ.ಯದು 1798 ಸಿ.ಸಿ.; ಹುಟ್ಟಿದಾಗ ಅದಕ್ಕಿದ್ದ ಬಲ 95 ಅಶ್ವಶಕ್ತಿ. ಅದಕ್ಕೆ ಉಸಿರೂಡುತ್ತಿದ್ದುದು ಎಸ್.ಯು. ಕಂಪನಿಯ ಎರಡು ಕಾರ್ಬುರೇಟರುಗಳು.

ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆಯ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಸ್ಕಿನ್ನರ್ ಸಹೋದರರು ಅದರ ಸ್ಥಾಪಕರು. ಅವರ ಮೊದಮೊದಲ ಕಾರ್ಬುರೇಟರುಗಳಲ್ಲಿ ಚರ್ಮದ ತಿದಿ ಇದ್ದಿತೆಂಬುದನ್ನು ಕೇಳಿದರೆ ಕುಲಕಸುಬಿನ ನಂಟು ಎಲ್ಲಿಗೆ ಹೋದರೂ ಬಿಡದು ಎನಿಸುತ್ತದೆ. ಮುಂದೆ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂದಿತು. ಎಂಜಿನು ಹೆಚ್ಚು ಗಾಳಿಯನ್ನು ಬೇಡಿದಾಗ ಅದು ತಾನಾಗಿ ಮೇಲೇರಿ ದಾರಿಯನ್ನು ಅಗಲಿಸುತ್ತದೆ; ಬೇಡಿಕೆ ತಗ್ಗಿದಾಗ ಇಳಿದು ಕಿರಿದುಗೊಳಿಸುತ್ತದೆ. ಅದರ ತಳಕ್ಕೆ ಅಂಟಿದ ಮೊನೆಯಾದ ಸೂಜಿಯೊಂದು ಪೆಟ್ರೋಲಿನ ರಂಧ್ರದಲ್ಲಿ ಏರಿಳಿಯುತ್ತ, ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅಳೆದು ಕೊಡುತ್ತದೆ.

1975ರಲ್ಲಿ ಅಮೆರಿಕದ ಹೊಗೆ ನಿಯಮಗಳಿಗೆ ತಲೆಬಾಗಿ, ಅಲ್ಲಿಗೆ ಹೋಗುವ ಕಾರುಗಳಿಂದ ಈ ಜೋಡಿಯನ್ನು ಕಿತ್ತು, ಜೆನಿತ್-ಸ್ಟ್ರಾಂಬರ್ಗ್ ಎಂಬ ಒಂಟಿ ಕಾರ್ಬುರೇಟರನ್ನು ಕೂರಿಸಿದರು. ಬಲ ಸುಮಾರು 65 ಅಶ್ವಶಕ್ತಿಯ ಆಸುಪಾಸಿಗೆ ಇಳಿಯಿತು. ಅಳೆಯುವ ಪದ್ಧತಿಯ ಭೇದವನ್ನು ಕಳೆದರೂ ಇದು ಸಣ್ಣ ಇಳಿಕೆಯಲ್ಲ. ಅಂತಹ ಕಾರನ್ನು ಕೊಂಡವನಿಗೆ ಮೊದಲು ಹೊಳೆಯುವ ಯೋಚನೆ, ಹಳೆಯ ಜೋಡಿ ಕಾರ್ಬುರೇಟರನ್ನು ಎಲ್ಲಿಂದಾದರೂ ತಂದು ಜೋಡಿಸಬೇಕೆಂಬುದು. ಕಾರ್ಬುರೇಟರುಗಳು ಸಿಗುತ್ತವೆ. ಅವುಗಳನ್ನು ಎತ್ತಿಕೊಂಡು ಎಂಜಿನಿನ ಬಳಿ ನಿಂತಾಗಲೇ ತೊಡಕು ತಿಳಿಯುವುದು: ಒಂದಕ್ಕಾಗಿ ಎರಕ ಹೊಯ್ದ ಮ್ಯಾನಿಫೋಲ್ಡಿನ ಮೇಲೆ ಎರಡು ಕೂರುವುದು ಹೇಗೆ?

ಮ್ಯಾನಿಫೋಲ್ಡನ್ನೂ ಬದಲಿಸಿದರಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ಈ ಎಂಜಿನಿನಲ್ಲಿ ಗಾಳಿ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಮಗ್ಗುಲಿನಲ್ಲಿವೆ. ಎರಡರ ಮ್ಯಾನಿಫೋಲ್ಡುಗಳನ್ನೂ ಅವೇ ಬೋಲ್ಟುಗಳು, ಅವೇ ದಪ್ಪ ವಾಷರುಗಳು ಅದುಮಿ ಹಿಡಿಯುತ್ತವೆ. ಒಂದರ ಅಂಚು ಇನ್ನೊಂದರ ಅಂಚಿಗಿಂತ ಕೂದಲೆಳೆಯಷ್ಟು ದಪ್ಪವಾದರೂ ವಾಷರು ದಪ್ಪಗಿರುವುದನ್ನು ಒತ್ತಿ, ತೆಳ್ಳಗಿರುವುದನ್ನು ಸಡಿಲ ಬಿಡುತ್ತದೆ. ಆ ಸಂದಿನಿಂದ ಕಳ್ಳಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಸರಿಯಾದ ದಹನಕ್ಕೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹದಿನಾಲ್ಕು ಮುಕ್ಕಾಲು ಪಾಲಿನಷ್ಟು ಗಾಳಿ ಬೇಕು. ಗಾಳಿ ಅದನ್ನು ಮೀರುತ್ತ ಹೋದರೆ ಎಂಜಿನು ಕಾಯುತ್ತದೆ. ಉಪೇಕ್ಷಿಸಿದರೆ ವಾಲ್ವು ಸುಡುತ್ತದೆ. ಆದ್ದರಿಂದ ಬಲ್ಲವರು ಎರಡು ಮ್ಯಾನಿಫೋಲ್ಡುಗಳನ್ನೂ ಕೂಡಿಸಿ ಯಂತ್ರಕ್ಕೆ ಕೊಟ್ಟು, ಅಂಚುಗಳನ್ನು ಒಂದೇ ದಪ್ಪಕ್ಕೆ ತರುತ್ತಾರೆ. ಖರ್ಚು ಅಲ್ಪ. ಆದರೂ ಈ ಕೆಲಸವನ್ನು ಬಿಟ್ಟು, ಗ್ಯಾಸ್ಕೆಟ್ಟಿನ ಮೇಲೆ ಗ್ಯಾಸ್ಕೆಟ್ಟು ಸುರಿದು ಹಣ ಕಳೆದುಕೊಳ್ಳುವವರೇ ಹೆಚ್ಚು.

ಇನ್ನೊಂದು ವಿಚಿತ್ರವಿದೆ. ಸಿಲಿಂಡರುಗಳು ನಾಲ್ಕಾದರೂ ಗಾಳಿಯ ಬಾಗಿಲುಗಳು ಎರಡೇ. ಒಂದನೆಯದಕ್ಕೂ ಎರಡನೆಯದಕ್ಕೂ ಕೂಡಿ ಒಂದು, ಮೂರು ನಾಲ್ಕಕ್ಕೆ ಕೂಡಿ ಇನ್ನೊಂದು. ವಠಾರದಲ್ಲಿ ಎರಡು ಸಂಸಾರಗಳಿಗೆ ಒಂದೇ ನಲ್ಲಿ ಇದ್ದ ಹಾಗೆ. ಸರದಿಯಾದರೂ ಹಿತವಾಗಿದೆಯೇ? ಅದೂ ಇಲ್ಲ. ಸಿಲಿಂಡರುಗಳು ಉಸಿರೆಳೆಯುವ ಕ್ರಮ 1-3-4-2. ಎಂದರೆ ಎರಡನೆಯದು ಎಳೆದ ಬೆನ್ನಿಗೇ ಒಂದನೆಯದು ಎಳೆಯುತ್ತದೆ. ಬಳಿಕ ಆ ನಲ್ಲಿಯ ಬಳಿ ಯಾರೂ ಇಲ್ಲ. ಇತ್ತ ಮೂರನೆಯದರ ಬೆನ್ನಿಗೆ ನಾಲ್ಕನೆಯದು. ಮೊದಲನೆಯವರ ಬಿಂದಿಗೆ ತುಂಬುವ ಮುನ್ನವೇ ನೆರೆಯವರು ತಮ್ಮ ಬಿಂದಿಗೆಯನ್ನು ಒಡ್ಡುತ್ತಾರೆ. ಅದಕ್ಕಾಗಿಯೇ ಮೂಲ ಮ್ಯಾನಿಫೋಲ್ಡಿನಲ್ಲಿ ಎರಡು ದಾರಿಗಳನ್ನೂ ಕೂಡಿಸುವ ಅಡ್ಡ ಕೊಳವೆಯೊಂದನ್ನು ಇರಿಸಿದ್ದಾರೆ. ಒಂದು ಕಡೆ ಬರಿದಾಗಿರುವ ಹೊತ್ತಿನಲ್ಲಿ ಇನ್ನೊಂದು ಕಡೆಯ ಕಾರ್ಬುರೇಟರು ಸಾಲ ಕೊಡುತ್ತದೆ. ಈ ಅಡ್ಡ ಕೊಳವೆಯನ್ನು ವ್ಯರ್ಥವೆಂದು ಮುಚ್ಚಿದರೆ ಎಂಜಿನು ನಿಂತಲ್ಲಿ ಸಮವಾಗಿ ಗುನುಗುವುದನ್ನು ಮರೆಯುತ್ತದೆ.

ದೊಡ್ಡದಾದರೆ ಒಳ್ಳೆಯದೆಂಬ ಭ್ರಮೆ ಇಲ್ಲಿಯೂ ಉಂಟು. ಎಂ.ಜಿ.ಬಿ.ಯ ಎಸ್.ಯು. ಕಾರ್ಬುರೇಟರಿನ ಗಂಟಲು ಒಂದೂವರೆ ಅಂಗುಲ. ಒಂದೂಮುಕ್ಕಾಲು ಅಂಗುಲದ್ದನ್ನು ತಂದು ಹಳೆಯ ಮ್ಯಾನಿಫೋಲ್ಡಿಗೇ ಬಿಗಿದರೆ ಸುತ್ತಲೂ ಅಂಗುಲದ ಎಂಟನೆಯ ಒಂದು ಭಾಗದಷ್ಟು ಮೆಟ್ಟಿಲು ಗಾಳಿಗೆ ಎದುರಾಗಿ ನಿಲ್ಲುತ್ತದೆ. ಒಳಗೆ ಹರಿಯುವುದು ಬರಿಯ ಗಾಳಿಯಲ್ಲ. ಪೆಟ್ರೋಲಿನ ಸಣ್ಣ ಹನಿಗಳು ಅದರೊಡನೆ ತೇಲಿ ಬರುತ್ತವೆ. ಗಾಳಿ ತಿರುಗಿಕೊಂಡು ಹೋದೀತು. ಭಾರವಾದ ಹನಿಗಳು ಮೆಟ್ಟಿಲಿಗೆ ಬಡಿದು, ಗೋಡೆಗೆ ಅಂಟಿ, ಸಣ್ಣ ಹಳ್ಳವಾಗಿ ಹರಿಯುತ್ತವೆ. ಒಂದು ಸಿಲಿಂಡರಿಗೆ ಅಜೀರ್ಣ, ಮಗ್ಗುಲಿನದಕ್ಕೆ ಉಪವಾಸ.

ಎಂಜಿನಿನ ಕಡೆಯ ಬಾಯಿಯೂ ಹೀಗೆಯೇ. ಬಾಗಿಲಿಗಿಂತ ಮ್ಯಾನಿಫೋಲ್ಡಿನ ಬಾಯಿ ದೊಡ್ಡದಾದರೆ ಅಲ್ಲೊಂದು ಮೆಟ್ಟಿಲು ಎದುರಾಗುತ್ತದೆ. ತುಸು ಚಿಕ್ಕದಾದರೆ ಅಷ್ಟು ಬಾಧಕವಿಲ್ಲ. ಲೋಹಕ್ಕೆ ನೀಲಿ ಬಣ್ಣ ಸವರಿ, ಗ್ಯಾಸ್ಕೆಟ್ಟನ್ನಿಟ್ಟು ಮೊನೆಯಿಂದ ಗೀರಿ, ಗೀರಿನವರೆಗೆ ಮಾತ್ರ ಅರದಿಂದ ಉಜ್ಜುವುದು ವಾಡಿಕೆ. ಕೆಲವರು ಉತ್ಸಾಹದಿಂದ ಒಳಗೋಡೆಯನ್ನು ಕನ್ನಡಿಯಂತೆ ಹೊಳೆಯಿಸುತ್ತಾರೆ. ನೋಡಲು ಚೆಂದ, ಫಲ ಮಾತ್ರ ವಿಪರೀತ: ನುಣುಪಾದ ಗೋಡೆಯ ಮೇಲೆ ಪೆಟ್ರೋಲು ಪದರವಾಗಿ ಹಬ್ಬುತ್ತದೆ, ತುಸು ಒರಟಾದ ಗೋಡೆ ಅದನ್ನು ಮತ್ತೆ ಹನಿಯಾಗಿ ಚಿಮ್ಮಿಸುತ್ತದೆ.

ಇಟಲಿಯ ಬೊಲೋನ್ಯದ ವೆಬರ್ ಕಾರ್ಬುರೇಟರಿನ ಮೋಹವೂ ಬಹಳ ಮಂದಿಗಿದೆ. 45 ಮಿಲಿಮೀಟರಿನ ಎರಡು ಗಂಟಲುಗಳ ಆ ಯಂತ್ರದ ಘರ್ಜನೆ ಯಾರ ಮನಸ್ಸನ್ನಾದರೂ ಸೆಳೆಯುವಂತಹುದು. ಪಂದ್ಯಕ್ಕೆ ಅದು ಯೋಗ್ಯವೇ. ಆದರೆ ಅದರ ಹಿಂದೆ ಸಾಕಷ್ಟು ಉದ್ದದ ಮ್ಯಾನಿಫೋಲ್ಡು ಬೇಕು. ಕಾರಿನ ಬಾನೆಟ್ಟಿನಡಿ ಅಷ್ಟು ಜಾಗವಿಲ್ಲ. ಮೋಟು ಮಾಡಿದರೆ ನಿಧಾನಗತಿಯಲ್ಲಿ ಎಳೆತ ತಗ್ಗುತ್ತದೆ. ಗಟ್ಟಿಯಾಗಿ ಬಿಗಿದರೆ ಎಂಜಿನಿನ ಕಂಪನಕ್ಕೆ ಒಳಗಿನ ಪೆಟ್ರೋಲು ನೊರೆಯೇಳುತ್ತದೆಂದು, ರಬ್ಬರಿನ ಬಳೆಯನ್ನೂ ಸ್ಪ್ರಿಂಗು ವಾಷರನ್ನೂ ಇಟ್ಟು ಕೊಂಚ ಅಲುಗಾಡಲು ಬಿಡಬೇಕು. ಸಂಜೆ ಹೆಂಡತಿ ಮಕ್ಕಳೊಡನೆ ಹೊರಡುವವನಿಗೆ ಇಷ್ಟು ಉಪಚಾರ ಬೇಡ. ಹಳೆಯ ಎಸ್.ಯು. ಜೋಡಿಯೇ ಅವನಿಗೆ ಹಿತ.

ಕಾನೂನೂ ಅಡ್ಡ ಬರುವುದುಂಟು. ಕ್ಯಾಲಿಫೋರ್ನಿಯದಲ್ಲಿ 1975ರ ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ಪರೀಕ್ಷೆಯ ವಿನಾಯಿತಿ ಇದೆ. 1976ರ ಮಾದರಿಗೆ ಇಲ್ಲ. ಒಂದೇ ಕಾರ್ಖಾನೆಯ ಒಂದೇ ಬಗೆಯ ಎರಡು ಕಾರುಗಳಲ್ಲಿ ಒಂದರ ಒಡೆಯನಿಗೆ ಪರೀಕ್ಷೆಯ ಗೊಡವೆಯಿಲ್ಲ, ಇನ್ನೊಬ್ಬ ಹಳೆಯ ಜೋಡಿಯನ್ನು ಕೂರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರ. ಕೊಳ್ಳುವ ಮುನ್ನ ಕಾರಿನ ವರ್ಷವನ್ನು ನೋಡದೆ ಪರಿತಪಿಸಿದವರಿಗೆ ಕಡಿಮೆಯಿಲ್ಲ.

ಎಲ್ಲವೂ ಕೂಡಿ ಬಂದಮೇಲೆ ಉಳಿಯುವುದು ಕಿವಿಯ ಕೆಲಸ. ಎಂಜಿನು ಕಾದ ಬಳಿಕ ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರುಗಳ ಬಾಯಿಗೆ ಒಂದಾದಮೇಲೊಂದರಂತೆ ಹಿಡಿಯುತ್ತಾರೆ. ಎರಡರ ಸುಸ್ವರವೂ ಒಂದೇ ಶ್ರುತಿಯಲ್ಲಿ ಕೇಳುವವರೆಗೆ ತಿರುಪನ್ನು ತಿರುಗಿಸುತ್ತಾರೆ. ಬಳಿಕ ಒಂದರ ಪಿಸ್ಟನನ್ನು ಅಡಿಯ ಪುಟ್ಟ ಕಡ್ಡಿಯಿಂದ ಎಳ್ಳಷ್ಟು ಎತ್ತಿ ನೋಡುತ್ತಾರೆ. ವೇಗ ಏರಿ ಅಲ್ಲಿಯೇ ನಿಂತರೆ ಪೆಟ್ರೋಲು ಹೆಚ್ಚು. ಎಂಜಿನು ಮುಗ್ಗರಿಸಿದರೆ ಕಡಿಮೆ. ಕ್ಷಣಮಾತ್ರ ಕೊಂಚ ಏರಿ ಮತ್ತೆ ಮೊದಲಿನ ಲಯಕ್ಕೆ ಮರಳಿದರೆ, ಅವನು ಪಾನೆಯನ್ನು ಕೆಳಗಿಟ್ಟು ಕೈಯೊರೆಸಿಕೊಂಡು ಬಾನೆಟ್ಟನ್ನು ಮುಚ್ಚುತ್ತಾನೆ.