ಮಾಯದ ಗಾಯ
ಮುರಿದ ಮೂಳೆಯು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ; ತರಚಿದ ಚರ್ಮವು ಮತ್ತೆ ಬೆಳೆಯುತ್ತದೆ. ಮೆದುಳಿಗೂ ಬೆನ್ನುಹುರಿಗೂ ಈ ಭಾಗ್ಯವಿಲ್ಲ. ಅಲ್ಲಿಯ ನರಕೋಶಗಳು ಒಮ್ಮೆ ಸತ್ತರೆ ಅವುಗಳ ಸ್ಥಾನವನ್ನು ಹೊಸ ಕೋಶಗಳು ತುಂಬುವುದು ಇಲ್ಲವೆನ್ನುವಷ್ಟು ವಿರಳ. ಪ್ರಕೃತಿಯು ಇದನ್ನರಿತೇ ಎಂಬಂತೆ ಮೆದುಳನ್ನು ತಲೆಬುರುಡೆಯೊಳಗೂ ಬೆನ್ನುಹುರಿಯನ್ನು ಬೆನ್ನೆಲುಬಿನ ಮಣಿಗಳೊಳಗೂ ಇರಿಸಿ ಕಾಪಾಡಿದೆ.

ಈ ಭದ್ರವಾದ ಕವಚವೇ ಒಮ್ಮೊಮ್ಮೆ ಶತ್ರುವಾಗುವುದುಂಟು. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಒಳಗೆ ರಕ್ತ ಸೋರಬಹುದು, ಮೆದುಳು ಊದಿಕೊಳ್ಳಬಹುದು. ಆದರೆ ಬುರುಡೆಯು ಹಿಗ್ಗಲಾರದು. ಒಳಗಿನ ಒತ್ತಡವೇರಿ, ಪೆಟ್ಟಿನಿಂದ ಪಾರಾದ ಭಾಗಗಳೂ ರಕ್ತಸಂಚಾರವಿಲ್ಲದೆ ನಾಶವಾಗತೊಡಗುತ್ತವೆ. ಅಪಘಾತದ ಅನಂತರ ಎದ್ದು ಕುಳಿತು ಮಾತನಾಡಿದವನು ಕೆಲವು ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದಾದುದು ಇದರಿಂದಲೇ. ಗಾಯಾಳುವಿನ ಪ್ರಜ್ಞಾಸ್ಥಿತಿಯನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರವೈದ್ಯರು ಒಂದು ಮಾಪಕವನ್ನು ರೂಪಿಸಿದರು. ಕಣ್ಣು ತೆರೆಯುವಿಕೆ, ಮಾತು, ಅಂಗಗಳ ಚಲನೆ ಇವಕ್ಕೆ ಅಂಕ ಕೊಟ್ಟು ಕೂಡಿದರೆ ಮೊತ್ತವು 3ರಿಂದ 15ರವರೆಗೆ ಬರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಗಾಯವು ತೀವ್ರವೆಂದರ್ಥ.

ಬೆನ್ನುಹುರಿಯು ಕಿರುಬೆರಳಿನ ಗಾತ್ರದ, ಸುಮಾರು 45 ಸೆಂ.ಮೀ. ಉದ್ದದ ನರಗಳ ಹಗ್ಗ. ಅದು ಕತ್ತಿನ ಬಳಿ ತುಂಡಾದರೆ ಕೈಕಾಲುಗಳೆರಡೂ ಸ್ವಾಧೀನ ತಪ್ಪುತ್ತವೆ. ಎದೆಯ ಮಟ್ಟದಲ್ಲಾದರೆ ಕಾಲುಗಳು. ಮಲಮೂತ್ರಗಳ ಹಿಡಿತವೂ ಸ್ಪರ್ಶಜ್ಞಾನವೂ ಹೋಗುತ್ತವೆ. ನೋವೇ ತಿಳಿಯದ ದೇಹದಲ್ಲಿ ಹಾಸಿಗೆ ಹುಣ್ಣುಗಳಾಗುವುದರಿಂದ, ಹಗಲಿರುಳು ಗಂಟೆ ಎರಡಕ್ಕೊಮ್ಮೆ ಯಾರಾದರೂ ಮಗ್ಗುಲು ಬದಲಿಸಬೇಕು. ನೆರವಿಗೆ ಬಂದವರು ಗಾಯಾಳುವಿನ ತೋಳು ಕಾಲು ಹಿಡಿದೆತ್ತಿ ಆಟೋರಿಕ್ಷಾದೊಳಗೆ ಮಡಿಸಿ ಕೂರಿಸುವುದನ್ನು ನಾವು ಕಂಡಿದ್ದೇವೆ. ಅವರ ಉದ್ದೇಶವೇನೋ ಒಳ್ಳೆಯದೇ. ಆದರೆ ಮುರಿದ ಮಣಿಯು ಹುರಿಯನ್ನು ಕತ್ತರಿಸುವುದು ಆ ಗಳಿಗೆಯಲ್ಲಿಯೂ ಆಗಬಹುದು. ಕತ್ತು ಬೆನ್ನುಗಳು ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸತಕ್ಕದ್ದು.

ಜೀವಮಾನವಿಡೀ ಉಳಿಯುವ ಈ ನಷ್ಟಕ್ಕೆ ಕಾನೂನು ಏನನ್ನು ಕೊಡಬಲ್ಲುದು? 1988ರ ಮೋಟಾರು ವಾಹನಗಳ ಕಾಯಿದೆಯಂತೆ, ಗಾಯಾಳುವು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳದಲ್ಲಿಯೇ ಅಲ್ಲದೆ, ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ಸಲ್ಲಿಸಲು ಅವಕಾಶವಿದೆ. ವಾಹನ ಗುರುತು ಸಿಗದೆ ಪರಾರಿಯಾಗಿದ್ದರೆ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ ತೀವ್ರ ಗಾಯಕ್ಕೆ ದೊರೆಯುವುದು 50,000 ರೂಪಾಯಿ ಮಾತ್ರ. ಕೆಲಸದ ವೇಳೆಯಲ್ಲಿ ಗಾಯಗೊಂಡ ಕಾರ್ಮಿಕನಿಗೂ ಪರಿಹಾರ ಕೇಳಲು ಕಾನೂನಿದೆ. ತನ್ನದೇ ತೋಟದ ಅಡಕೆ ಮರದಿಂದ ಬಿದ್ದವನಿಗಾದರೋ, ವಿಮೆ ಮಾಡಿಸಿರದಿದ್ದರೆ ಪರಿಹಾರ ದೊರೆಯುವುದು ಕಷ್ಟ.

ಪರಿಹಾರವನ್ನು ಎಣಿಸುವಾಗ ಅಂಗ ಎಷ್ಟು ಹೋಯಿತೆಂಬುದಕ್ಕಿಂತ ದುಡಿಮೆ ಎಷ್ಟು ಹೋಯಿತೆಂಬುದು ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. ಎಡಗೈ ಕಳೆದುಕೊಂಡ ಬಡಗಿಯ ನಷ್ಟವೂ ಗುಮಾಸ್ತನ ನಷ್ಟವೂ ಒಂದೇ ಅಲ್ಲ.

2007ರ ಅಕ್ಟೋಬರಿನಲ್ಲಿ, ಹನ್ನೆರಡು ವರ್ಷದ ಬಾಲಕಿಯೊಬ್ಬಳು ತಂದೆತಾಯಿಯರೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿರುವಾಗ ಲಾರಿಯೊಂದು ಡಿಕ್ಕಿ ಹೊಡೆಯಿತು. ಮೆದುಳಿಗಾದ ಗಾಯದಿಂದ ಅವಳ ನಡವಳಿಕೆಯು ಒಂಬತ್ತು ತಿಂಗಳ ಶಿಶುವಿನ ಮಟ್ಟಕ್ಕಿಳಿಯಿತು. ನ್ಯಾಯಮಂಡಳಿಯು ಸುಮಾರು 11 ಲಕ್ಷ ರೂಪಾಯಿಗಳನ್ನೂ ಉಚ್ಚ ನ್ಯಾಯಾಲಯವು 25 ಲಕ್ಷಕ್ಕೂ ಮಿಗಿಲಾದ ಮೊತ್ತವನ್ನೂ ಗೊತ್ತುಪಡಿಸಿದವು. ಶುಶ್ರೂಷೆಗೆಂದು ಉಚ್ಚ ನ್ಯಾಯಾಲಯವು ಹಿಡಿದಿದ್ದುದು ತಿಂಗಳಿಗೆ 2,500 ರೂಪಾಯಿ. ಹಗಲಿಗೊಬ್ಬರು, ಇರುಳಿಗೊಬ್ಬರು ಬೇಕಲ್ಲವೇ? ಸರ್ವೋಚ್ಚ ನ್ಯಾಯಾಲಯವು ತಲಾ 5,000 ರೂಪಾಯಿಯಂತೆ ಇಬ್ಬರಿಗೆ ಎಣಿಸಿ, ವರ್ಷದ 1,20,000ವನ್ನು ಅವಳ ವಯಸ್ಸಿಗೆ ಸಲ್ಲುವ ಗುಣಕವಾದ 18ರಿಂದ ಗುಣಿಸಿತು. ಶುಶ್ರೂಷೆಗೇ 21,60,000 ಆಯಿತು. ಮುಂದಿನ ಚಿಕಿತ್ಸೆ, ಕಳೆದುಹೋದ ಗಳಿಕೆ, ವಿವಾಹದ ಅವಕಾಶ, ಅನುಭವಿಸಿದ ಯಾತನೆ ಮುಂತಾದವೆಲ್ಲ ಕೂಡಿ 62,27,000 ರೂಪಾಯಿಗಳನ್ನು ಬಡ್ಡಿಸಹಿತ ಕೊಡುವಂತೆ 2020ರ ಫೆಬ್ರವರಿಯಲ್ಲಿ ತೀರ್ಪಾಯಿತು. ಅಷ್ಟು ಹೊತ್ತಿಗೆ ಅಪಘಾತ ನಡೆದು ಹನ್ನೆರಡು ವರ್ಷಗಳು ಕಳೆದಿದ್ದವು.