ಚಕ್ರಕ್ಕೆ ತಕ್ಕ ಸರಪಳಿ

ಗಾಲಿಗೆ ಸರಪಳಿ ಸುತ್ತುವುದನ್ನು ನಾನು ಮೊದಲು ಕಂಡದ್ದು ಮಲೆನಾಡಿನ ಕೆಸರಿನಲ್ಲಿ. ಆಷಾಢದ ಮಳೆ ಹಿಡಿದಾಗ ಕಾಫಿ ತೋಟದ ಜೀಪುಗಳ ಚಕ್ರಕ್ಕೆ ಚೈನು ಬಿಗಿಯುತ್ತಿದ್ದರು. ಜೀಪು ಝಣಝಣ ಸದ್ದು ಮಾಡುತ್ತ ಏರು ಹತ್ತುವುದನ್ನು ಹುಡುಗರಾದ ನಾವು ಬೆರಗಿನಿಂದ ನೋಡುತ್ತಿದ್ದೆವು. ಹಿಮದ ವಿಚಾರವಾದರೋ ನನ್ನ ತಿಳಿವಳಿಕೆಯೆಲ್ಲ ಪುಸ್ತಕದ್ದು. ಮಹಾಕಾವ್ಯಕ್ಕೆ ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದೆಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಹೇಮಂತವನ್ನು ಅಷ್ಟು ಸೊಗಸಾಗಿ ವರ್ಣಿಸಿದ ನಮ್ಮ ಕವಿಗಳಲ್ಲಿ ಬಹುಮಂದಿ ಹಿಮದ ಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿರಲಾರರು. 2022ರ ಡಿಸೆಂಬರ್ ತಿಂಗಳ ಕೊನೆಯವರೆಗೆ ನಾನೂ ಅವರ ಸಾಲಿನವನೇ ಆಗಿದ್ದೆ.

ಆ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಅಕ್ಕನೂ ಅಲ್ಲಿಯೇ ಇದ್ದಳು. ಮನೆಗಳ ಮಾಡಿನ ಮೇಲೆ ಸೌರಫಲಕ ಕೂರಿಸುವುದು ನನ್ನ ಸೋದರಳಿಯನ ಉದ್ಯೋಗ. ಅದಕ್ಕಾಗಿ ಅವನು ವಾರಕ್ಕೊಮ್ಮೆಯಾದರೂ ಸಿಯೆರಾ ನೆವಾಡ ಪರ್ವತಶ್ರೇಣಿಯನ್ನು ದಾಟಿ ನೆವಾಡ ಸಂಸ್ಥಾನದ ರೀನೋ ಪಟ್ಟಣಕ್ಕೆ ಹೋಗಬೇಕು. ಸ್ಯಾಕ್ರಮೆಂಟೊದಲ್ಲಿ ಹಿಮವಿಲ್ಲ. ಪೂರ್ವಕ್ಕೆ ಸುಮಾರು 90 ಮೈಲಿ ಹೋದರೆ ಹೆದ್ದಾರಿ ಏಳು ಸಾವಿರ ಅಡಿಗೂ ಮೇಲೇರಿ ಡಾನರ್ ಕಣಿವೆಯನ್ನು ಹಾಯುತ್ತದೆ. 1846ರ ಚಳಿಗಾಲದಲ್ಲಿ ಎತ್ತಿನ ಗಾಡಿಗಳಲ್ಲಿ ವಲಸೆ ಹೊರಟ ಕುಟುಂಬಗಳು ಇಲ್ಲಿ ಹಿಮದಲ್ಲಿ ಸಿಕ್ಕಿಬಿದ್ದು, ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನ ಮಡಿದರು. 1952ರ ಜನವರಿಯಲ್ಲಿ ಒಂದು ದೊಡ್ಡ ರೈಲುಬಂಡಿಯೇ ಇನ್ನೂರಕ್ಕೂ ಹೆಚ್ಚು ಜನರೊಡನೆ ಮೂರು ದಿನಕ್ಕೂ ಮಿಕ್ಕಿ ಈ ಬೆಟ್ಟಗಳಲ್ಲಿ ಹೂತು ನಿಂತಿತ್ತು. ಕಣಿವೆಯ ಸಮೀಪ 1946ರಲ್ಲಿ ಸ್ಥಾಪಿತವಾದ ಒಂದು ಹಿಮ ಸಂಶೋಧನಾಲಯವಿದೆ. ಬರ್ಕ್‌ಲಿ ವಿಶ್ವವಿದ್ಯಾನಿಲಯ ಅದನ್ನು ನಡೆಸುತ್ತದೆ. ನಾನು ಹೋಗಿದ್ದ ಆ 2022–23ರ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ 754 ಅಂಗುಲ, ಎಂದರೆ 62 ಅಡಿಗೂ ಹೆಚ್ಚು. ಹತ್ತಿಯಂತೆ ಹಾರುವ ಹಿಮವೂ ಅಲ್ಲ ಅದು. ನೀರು ತುಂಬಿದ ಭಾರವಾದ ಹಿಮ. ‘ಸಿಯೆರಾ ಸಿಮೆಂಟು’ ಎಂದೇ ಅಲ್ಲಿಯವರು ಅದನ್ನು ಕರೆಯುತ್ತಾರೆ.

ಸೋದರಳಿಯನ ವಾಹನ ಒಂದು ಪಿಕಪ್ ಟ್ರಕ್ಕು. ನಮ್ಮೂರಿನ ಪಿಕಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಓದುಗರು ಇದನ್ನು ಊಹಿಸಬಾರದು. ಬರಿದಾಗಿ ನಿಂತಾಗಲೇ ಅದರ ತೂಕ 7,000 ಪೌಂಡು ಮೀರಿದ್ದು. ಡೀಸೆಲ್ ಎಂಜಿನು, ನಾಲ್ಕು ಚಕ್ರಗಳಿಗೂ ಚಾಲನೆ. ಹಿಂದಿನ ಚಳಿಗಾಲದಲ್ಲಿ ಈ ಗಾಡಿ ಅವನನ್ನು ಅಪಾಯಕ್ಕೆ ಒಡ್ಡಿತ್ತು. ರೀನೋದಿಂದ ಹಿಂದಿರುಗುವಾಗ ಇಳುಕಲಿನಲ್ಲಿ ಹಿಂದಿನ ಚಕ್ರದ ಸರಪಳಿಯ ಒಂದು ಕೊಂಡಿ ಕಳಚಿತು. ತುಂಡು ಚಾವಟಿಯಂತೆ ತಿರುಗಿ ಮಡ್‌ಗಾರ್ಡನ್ನು ಬಡಿದು, ಬ್ರೇಕಿಗೆ ಸೇರಿದ ತಂತಿಯೊಂದನ್ನು ಹರಿಯಿತು. ಗಾಡಿ ಅಡ್ಡಲಾಗಿ ಜಾರಿ ದಾರಿಯ ಪಕ್ಕದ ಹಿಮದ ದಿಬ್ಬಕ್ಕೆ ಒರಗಿ ನಿಂತಿತು. ಆ ದಿಬ್ಬವಿಲ್ಲದಿದ್ದರೆ ಮುಂದಿದ್ದುದು ಪ್ರಪಾತ. ರಾತ್ರಿ ಎರಡು ಗಂಟೆಗೆ ಅವನು ಮನೆ ತಲುಪುವವರೆಗೆ ಅಕ್ಕ ಬಾಗಿಲಲ್ಲೇ ಕುಳಿತಿದ್ದಳಂತೆ.

“ಈ ಗಾಡಿ ಎಂಥ ಹಿಮವನ್ನಾದರೂ ಸೀಳಿಕೊಂಡು ಹೋಗುತ್ತೆ ಅಂತ ನಂಬಿದ್ದೆ, ಮಾವ. ಹೋಗುತ್ತೆ, ಅದೇನೋ ನಿಜ. ನಿಲ್ಲೋದಿಲ್ಲ, ಅಷ್ಟೆ,” ಎಂದ.

ಈ ಮಾತಿನ ಅರ್ಥ ನನಗೆ ಮೆಲ್ಲಮೆಲ್ಲನೆ ಹೊಳೆಯಿತು. ಒಣ ಡಾಂಬರಿನ ಮೇಲೆ ಟೈರಿಗೆ ಸಿಗುವ ಹಿಡಿತ ಏಳು ಪಾಲೆಂದು ಇಟ್ಟುಕೊಂಡರೆ, ಗಟ್ಟಿಯಾದ ಹಿಮದ ಮೇಲೆ ಸಿಗುವುದು ಸುಮಾರು ಎರಡು ಪಾಲು, ಮಂಜುಗಡ್ಡೆಯ ಮೇಲೆ ಒಂದೇ ಪಾಲು. ಗಾಡಿ ಭಾರವಾದಷ್ಟೂ ಹಿಡಿತ ಹೆಚ್ಚೆಂದು ನಾವು ಭಾವಿಸುತ್ತೇವೆ. ಹಿಡಿತ ಹೆಚ್ಚುವುದು ಹೌದು. ಆದರೆ ತಡೆದು ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಲಾಭ ಶೂನ್ಯ. ನಾಲ್ಕು ಚಕ್ರಗಳ ಚಾಲನೆ ಏರಲು ಮಾತ್ರ ಸಹಾಯಕ. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗೆ ಇದ್ದೇ ಇರುತ್ತದೆಯಾದ್ದರಿಂದ ಇಳಿಯುವಾಗ ಈ ಗಾಡಿಗೆ ವಿಶೇಷವಾದ ಅನುಕೂಲವೇನೂ ಇಲ್ಲ. ಇನ್ನೊಂದು ವಿಪರ್ಯಾಸವೂ ಉಂಟು. ಎಂಜಿನ್ನಿನ ಭಾರವೆಲ್ಲ ಮುಂದೆ. ಸರಕಿಲ್ಲದಾಗ ಹಿಂಭಾಗ ಹಗುರ. ಆದಕಾರಣ ಚಳಿಗಾಲದಲ್ಲಿ ಮರಳಿನ ಮೂಟೆಗಳನ್ನು ಹಿಂದಿನ ಚಕ್ರಗಳ ನೇರದಲ್ಲಿ ಇಟ್ಟು ಕಟ್ಟುವವರಿದ್ದಾರೆ.

ಸಂಸ್ಥಾನದ ಕಾನೂನು ಈ ಸೂಕ್ಷ್ಮವನ್ನು ಬಲ್ಲದು. ಹಿಮ ಬಿದ್ದಾಗ ಹೆದ್ದಾರಿಯಲ್ಲಿ ಮೂರು ಹಂತದ ಕಟ್ಟಳೆಗಳನ್ನು ಜಾರಿಗೆ ತರುತ್ತಾರೆ. ಮೊದಲನೆಯ ಹಂತದಲ್ಲಿ ಹಿಮದ ಟೈರುಳ್ಳ ಹಗುರ ಗಾಡಿಗಳಿಗೆ ಸರಪಳಿಯಿಂದ ವಿನಾಯಿತಿ. ಎರಡನೆಯದರಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದು ನಾಲ್ಕಕ್ಕೂ ಹಿಮದ ಟೈರು ಇರುವವಕ್ಕೆ ಮಾತ್ರ ವಿನಾಯಿತಿ, ಅವೂ ಸರಪಳಿಯನ್ನು ಜೊತೆಯಲ್ಲಿ ಒಯ್ಯಲೇಬೇಕು. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ, ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ದಾರಿಯನ್ನೇ ಮುಚ್ಚಿರುತ್ತಾರೆ. ಎರಡನೆಯ ಹಂತದ ವಿನಾಯಿತಿಗೂ ಒಂದು ಮಿತಿಯಿದೆ: ಬರಿಗಾಡಿಯ ತೂಕ 6,500 ಪೌಂಡು ಮೀರಿರಬಾರದು. ನನ್ನ ಸೋದರಳಿಯನ ಗಾಡಿ ಆ ಗೆರೆಯಿಂದ ಆಚೆಗಿನದು. ಗಾಡಿಯ ಗಾತ್ರದ ಬಗ್ಗೆ ಅವನಿಗಿದ್ದ ಹೆಮ್ಮೆಗೆ ಕಾನೂನು ವಿಧಿಸಿದ ಸುಂಕವಿದೆಂದು ನಾನು ನಗೆಯಾಡಿದೆ.

ಹೊಸ ಸರಪಳಿ ಕೊಳ್ಳುವ ಮುನ್ನ ಹಳೆಯದು ಏಕೆ ಹರಿಯಿತೆಂದು ತಿಳಿಯಬೇಕಲ್ಲ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಒಂದು ಬರಹವಿರುತ್ತದೆ. ಶಾಸನ ಓದುವ ಅಭ್ಯಾಸವುಳ್ಳ ನನಗೆ ಅದು ಹಿಡಿಸಿತು. ‘ಎಲ್‌ಟಿ 275/70 ಆರ್ 18’. ಎಲ್‌ಟಿ ಎಂದರೆ ಹಗುರ ಟ್ರಕ್ಕಿನದೆಂದು. 275 ಮಿಲಿಮೀಟರ್ ಅಗಲ. ಪಕ್ಕೆಯ ಎತ್ತರ ಆ ಅಗಲದ ಶೇಕಡ 70. ಆರ್ ಎಂಬುದು ಟೈರಿನ ಒಳಗಿನ ಹೆಣಿಗೆಯ ಜಾತಿ. ಒಳಗಿನ ಉಕ್ಕಿನ ಚಕ್ರ 18 ಅಂಗುಲ. ಗಾಡಿಯ ಕೈಪಿಡಿಯಲ್ಲಿದ್ದುದು 275 ಅಲ್ಲ, 265. ನೋಟಕ್ಕೆ ಭರ್ಜರಿಯಾಗಿರಲೆಂದು ಇವನು ದೊಡ್ಡ ಟೈರು ಹಾಕಿಸಿ, ಸರಪಳಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದ. ಲೆಕ್ಕ ಹಾಕಿದರೆ ವ್ಯಾಸದಲ್ಲಿ 14 ಮಿಲಿಮೀಟರ್, ಸುತ್ತಳತೆಯಲ್ಲಿ 44 ಮಿಲಿಮೀಟರ್ ವ್ಯತ್ಯಾಸ. ಎರಡು ಬೆರಳಗಲಕ್ಕಿಂತ ತುಸು ಹೆಚ್ಚು. ಕೊನೆಯ ಕೊಂಡಿ ಕೂಡದಿದ್ದಾಗ ತಂತಿಯಿಂದ ಬಿಗಿದಿದ್ದನಂತೆ. ಷಟ್ಪದಿಯ ಸಾಲಿನಲ್ಲಿ ಒಂದು ಮಾತ್ರೆ ತಪ್ಪಿದರೆ ಕಿವಿಗೆ ನೋವು, ಅಷ್ಟೆ. ಇಲ್ಲಿ ಎರಡು ಬೆರಳಗಲಕ್ಕೆ ಪ್ರಾಣವೇ ಪಣ.

ಅಂಗಡಿಯಲ್ಲಿ ಸರಪಳಿಗಳ ಸಂಸಾರವೇ ನೇತಾಡುತ್ತಿತ್ತು. ಉಕ್ಕಿನ ಹಗ್ಗದಂಥವು ಹಗುರ, ಹಾಕಲು ಸುಲಭ, ಇಕ್ಕಟ್ಟಾದ ಕಾರುಗಳಿಗೆ ಸರಿ. ಭಾರವಾದ ಟ್ರಕ್ಕಿನ ಕೆಳಗೆ ಬೇಗ ಸವೆಯುತ್ತವೆ. ಏಣಿಯಂತೆ ಅಡ್ಡಸರಪಳಿಗಳಿರುವವು ಎಳೆಯುವುದಕ್ಕೂ ತಡೆಯುವುದಕ್ಕೂ ಒಳ್ಳೆಯವು; ಆದರೆ ಎರಡು ಮೆಟ್ಟಿಲುಗಳ ನಡುವೆ ಬರಿಯ ರಬ್ಬರೇ ನೆಲಕ್ಕೆ ತಾಗುವುದರಿಂದ ಕುಲುಕಾಟ ಹೆಚ್ಚು, ಪಕ್ಕಕ್ಕೆ ಜಾರದಂತೆ ಹಿಡಿಯುವ ಗುಣ ಕಡಿಮೆ. ಬಲೆಯಂತೆ ಓರೆಚೌಕಗಳಾಗಿ ಹೆಣೆದವು ಯಾವಾಗಲೂ ನೆಲಕ್ಕೆ ತಾಗಿರುತ್ತವೆ, ಪಕ್ಕಕ್ಕೂ ಹಿಡಿಯುತ್ತವೆ. ಬೆಲೆ ಮಾತ್ರ ಹೆಚ್ಚು. ಕೊಂಡಿಗಳಲ್ಲಿಯೂ ಭೇದ: ದುಂಡು ಕಂಬಿಯದಕ್ಕಿಂತ ಚೌಕ ಕಂಬಿಯದು ಅಂಚಿನಿಂದ ಹೆಚ್ಚು ಕಚ್ಚುತ್ತದೆ. ಕೊಂಡಿಗಳ ಮೇಲೆ ಉಕ್ಕಿನ ಮುಳ್ಳುಗಳನ್ನು ಬೆಸೆದವೂ ಉಂಟು. ಮಂಜುಗಡ್ಡೆಗೆ ಅವು ರಾಮಬಾಣ, ಹಿಮವಿಲ್ಲದ ಬರಿಯ ದಾರಿಗೆ ಶತ್ರು.

ಸೋದರಳಿಯ ನೇರವಾಗಿ ಹೋಗಿ ಕೈಹಾಕಿದ್ದು ಆ ಮುಳ್ಳಿನ ಸರಪಳಿಗೆ. ಒಮ್ಮೆ ಪೆಟ್ಟು ತಿಂದವನು ಎಲ್ಲಕ್ಕಿಂತ ದಪ್ಪನಾದದ್ದನ್ನು ಬಯಸುವುದು ಸಹಜವೇ. ಆಗ ಅಕ್ಕ, ಎಲ್ಲರೂ ಮರೆತಿದ್ದ ಕೈಪಿಡಿಯನ್ನು ಚೀಲದಿಂದ ತೆಗೆದು ನನ್ನ ಕೈಗಿತ್ತಳು. “ಅವನು ಓದೋದಿಲ್ಲ, ನೀನಾದರೂ ಓದಿ ಹೇಳೋ.”

ಓದಿದೆ. ಈ ಗಾಡಿಯಲ್ಲಿ ಸರಪಳಿ ಹಿಂದಿನ ಚಕ್ರಗಳಿಗೆ ಮಾತ್ರ. ಅದೂ ‘ಎಸ್’ ವರ್ಗದ್ದು. ಅದೂ 265ರ ಟೈರಿನ ಮೇಲೆ ಮಾತ್ರ. ವರ್ಗವೆಂಬುದು ಸರಪಳಿಯ ಬಲದ ಅಳತೆಯಲ್ಲ. ಟೈರಿಗೂ ಗಾಡಿಯ ಅಂಗಾಂಗಗಳಿಗೂ ನಡುವೆ ಇರುವ ತೆರಪಿನ ಅಳತೆ. ಎಸ್ ವರ್ಗದಲ್ಲಿ ಟೈರಿನ ಮೇಲೆ ಸುಮಾರು 37 ಮಿಲಿಮೀಟರ್, ಪಕ್ಕೆಯಲ್ಲಿ 15 ಮಿಲಿಮೀಟರ್ ತೆರಪು. ‘ಡಬ್ಲ್ಯು’ ವರ್ಗದಲ್ಲಿ ಅದು 64 ಮತ್ತು 38. ಮುಳ್ಳಿನ ಸರಪಳಿ ಆ 15 ಮಿಲಿಮೀಟರಿನಲ್ಲಿ ಹಿಡಿಸದೆ ಬ್ರೇಕಿನ ಕೊಳವೆಯನ್ನೇ ಉಜ್ಜುತ್ತಿತ್ತು. ದೊಡ್ಡ ಟೈರು ಮೊದಲೇ ಆ ತೆರಪನ್ನು ನುಂಗಿತ್ತು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂಗಡಿಯವನಿಗೆ ಹೇಳಿ, ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತುಳ್ಳ ನಾಲ್ಕು ಹಿಮದ ಟೈರುಗಳನ್ನು, 265ರ ಅಳತೆಯವನ್ನೇ, ತೆಗೆಸಿದ. ಜೊತೆಗೆ ಓರೆಚೌಕದ ಹೆಣಿಗೆಯ, ಚೌಕ ಕೊಂಡಿಗಳ, ಎಸ್ ವರ್ಗದ ಒಂದು ಜೊತೆ ಸರಪಳಿ. ಭರ್ಜರಿ ಟೈರುಗಳು ಗ್ಯಾರೇಜಿನ ಮೂಲೆ ಸೇರಿದವು.

ಮನೆಯಂಗಳದಲ್ಲಿ ಎರಡು ಸಂಜೆ ತಾಲೀಮು ನಡೆಯಿತು. ಒಣನೆಲದಲ್ಲಿ, ಬೆಳಕಿನಲ್ಲಿ ಕಲಿಯದವನು ಕೊರೆಯುವ ಗಾಳಿಯಲ್ಲಿ ಮಂಡಿಯೂರಿ ಕಲಿಯಲಾರ. ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು. ನಾಲ್ಕನೆಯ ಸಲಕ್ಕೆ ಹದಿನೈದು. ಹಾಕಿದ ಮೇಲೆ ಕೆಲವು ನೂರು ಗಜ ಓಡಿಸಿ, ನಿಂತು, ಮತ್ತೆ ಬಿಗಿಯಬೇಕು. ಮೊದಲ ಬಿಗಿತವನ್ನೇ ಕೊನೆಯದೆಂದು ನಂಬಿದರೆ ಸರಪಳಿ ಸಡಿಲಗೊಂಡು ಹರಿಯುತ್ತದೆ. ಈ ಉಪಾಯವನ್ನು ಬಲು ಹಿಂದೆ, 1904ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ವೀಡ್ ಎಂಬಾತ ತನ್ನ ಹೆಸರಿಗೆ ನೋಂದಾಯಿಸಿದ. ಕೆಸರಿನಲ್ಲಿ ಜಾರದಿರಲೆಂದು ಜನ ಚಕ್ರಕ್ಕೆ ಹಗ್ಗ, ಬಳ್ಳಿ ಸುತ್ತುತ್ತಿದ್ದುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ನನ್ನ ಬಾಲ್ಯದ ಜೀಪು ನೆನಪಾಯಿತು.

ಹೊಸ ವರ್ಷದ ಮೊದಲ ವಾರದಲ್ಲಿ ಅವನೊಡನೆ ನಾನೂ ಹೊರಟೆ. ಕಿಂಗ್‌ವೇಲಿನ ಬಳಿ ಎರಡನೆಯ ಹಂತದ ಫಲಕ ಹಾಕಿದ್ದರು. ಎದೆಗೆ ಬಿಲ್ಲೆ ಧರಿಸಿದ ಕೆಲಸಗಾರರು ಕೂಲಿ ಪಡೆದು ಪರರ ಗಾಡಿಗಳಿಗೆ ಸರಪಳಿ ಕಟ್ಟುತ್ತಿದ್ದರು. ಇವನು ತಾನೇ ಇಳಿದು ಕಟ್ಟಿದ, ಮುಂದೆ ಹೋಗಿ ನಿಲ್ಲಿಸಿ ಮತ್ತೆ ಬಿಗಿದ. ಏರು ಸಲೀಸಾಗಿ ಸಾಗಿತು. ನೆತ್ತಿ ದಾಟಿ ಟ್ರಕೀ ಪಟ್ಟಣದತ್ತ ಇಳಿಯುವಾಗ, ಒಂದು ತಿರುವಿನಾಚೆ ಕಾರೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ಇವನ ಕಾಲು ಮೃದುವಾಗಿ ಬ್ರೇಕನ್ನು ಒತ್ತಿತು. ಕೆಳಗೆ ಉಕ್ಕು ಹಿಮವನ್ನು ಕರಕರನೆ ಕಡಿಯಿತು. ಸರಪಳಿಯಿಲ್ಲದ ಮುಂದಿನ ಚಕ್ರಗಳು ಒಂದಿಷ್ಟು ಜಾರಿದವು. ಗಂಟೆಗೆ 25 ಮೈಲಿಯನ್ನು ಮೀರದೆ ಬಂದುದು ಅಲ್ಲಿ ನಮ್ಮನ್ನು ಕಾಯಿತು. ಕಾರಿನಿಂದ ಆರೇಳು ಅಡಿ ಈಚೆಗೆ ಗಾಡಿ ನಿಂತಿತು. ಆ ಕಾರಿನ ಹಿಂಬದಿಯ ಗಾಜಿನಲ್ಲಿ ಎರಡು ಮಕ್ಕಳ ಮುಖ ಕಂಡವು.

ನಾವಿಬ್ಬರೂ ಇಳಿದು ಕಾರನ್ನು ದೂಡಿ ಸರಿಮಾಡಿದೆವು. ಟ್ರಕೀಯ ಆಚೆ ಸರಪಳಿ ಬಿಚ್ಚಿ, ಒಂದೊಂದು ಕೊಂಡಿಯನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾಗ ಅವನ ಜೇಬಿನಲ್ಲಿ ಫೋನು ಗುಣುಗುಟ್ಟಿತು. ಅಕ್ಕ. ಹಿಂದಿನ ವರ್ಷದ ಆ ರಾತ್ರಿಯಿಂದೀಚೆಗೆ ‘ತಲುಪಿದೆಯಾ’ ಎಂದು ಅವಳು ಕೇಳುವುದಿಲ್ಲ.

“ಇಳಿದಿರೇನೋ?” ಎಂದಳು.

“ಇಳಿದೆವಮ್ಮ,” ಎಂದ.