ಹದವಾಗಿ ಬೆಂದ ಸೀಮೆ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಗೆ ಹೊರಗಿನಿಂದ ಬರುವವರು ಹೆಚ್ಚಾಗಿ ಕಾಂತೇಶನ ದರ್ಶನಕ್ಕೆ ಬರುವವರು. ಇಲ್ಲಿನ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮರನ್ನು ಒಂದೇ ದಿನದಲ್ಲಿ ಕಂಡು ಬರುವ ರೂಢಿ ಈ ಭಾಗದಲ್ಲಿದೆ. ಕನಕದಾಸರು ‘ಮೋಹನತರಂಗಿಣಿ’ ಬರೆದದ್ದು ಇದೇ ಗುಡಿಯಲ್ಲಿ ಎಂಬ ಪ್ರತೀತಿಯೂ ಉಂಟು. ಆದರೆ ಕಾಲಡಿಯ ಕಲ್ಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಹೊಲದಲ್ಲಿ ಬೋರ್ ಹೊಡೆಸುವ ದಿನದ ಹೊರತು. ಆವತ್ತು ಮಾತ್ರ ಎಲ್ಲರ ಕಣ್ಣೂ ಮೇಲೆ ಬರುವ ಪುಡಿಯ ಮೇಲೆ. ಮೊದಲು ಮಣ್ಣು, ಆಮೇಲೆ ಗರಸು, ಅದರಡಿಯಿಂದ ಬೂದು ಪುಡಿ. ಹಲವು ಕಡೆ ಆ ಬೂದಿನಲ್ಲಿ ತೆಳ್ಳಗೆ ಹಸಿರು ಬೆರೆತಿರುತ್ತದೆ. ಆ ಹಸಿರಿನದೇ ಒಂದು ದೊಡ್ಡ ಕತೆ.

ಭೂವಿಜ್ಞಾನಿಗಳ ನಕ್ಷೆಯಲ್ಲಿ ರಾಣೇಬೆನ್ನೂರು ಒಂದು ಊರಿನ ಹೆಸರಷ್ಟೇ ಅಲ್ಲ, ಒಂದು ಶಿಲಾಸಮೂಹದ ಹೆಸರೂ ಹೌದು. ಧಾರವಾಡ ಶಿಲಾವರ್ಗದ ಶಿವಮೊಗ್ಗ ಪಟ್ಟಿಯಲ್ಲಿ ಮೇಲ್ಭಾಗದಲ್ಲಿರುವ ಈ ಕಲ್ಲುಗಳು ಹುಟ್ಟಿದ್ದು ನೀರಿನಲ್ಲಿ. ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿ ಕಡಲಿತ್ತು. ದಂಡೆಯ ಕೆಸರು, ಮರಳು, ಜ್ವಾಲಾಮುಖಿಗಳ ಬೂದಿ ಎಲ್ಲ ಒಟ್ಟಾಗಿ ನೀರಡಿಯ ಇಳಿಜಾರಿನಲ್ಲಿ ಕುಸಿದು, ಆಳದಲ್ಲಿ ಪದರ ಪದರವಾಗಿ ತಂಗಿದವು. ದಪ್ಪ ಕಣ ಕೆಳಗೆ, ಸಣ್ಣ ಕಣ ಮೇಲೆ. ಮತ್ತೊಂದು ಕುಸಿತ ಬಂದರೆ ಅದರ ಮೇಲೆ ಮತ್ತದೇ ಕ್ರಮ. ಇಂಥ ಕೊಳಕು ಮರಳುಗಲ್ಲಿಗೆ ಗ್ರೇವಾಕೆ ಎಂಬ ಹೆಸರಿದೆ. ಗಿಡವಿಲ್ಲ, ಮೀನಿಲ್ಲ, ಬರೀ ಸೂಕ್ಷ್ಮಜೀವಿಗಳಿದ್ದ ಕಾಲ ಅದು.

ಕೆಸರು ಅಲ್ಲಿಗೇ ನಿಂತಿದ್ದರೆ ಇವತ್ತು ಹಾರೆಗೆ ಸಿಕ್ಕುವ ಜೇಡಿಕಲ್ಲಾಗಿರುತ್ತಿತ್ತು. ಆದರೆ ಭೂಖಂಡದ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು, ಕಡಲ ತಳವೇ ಮಡಿಕೆ ಬಿದ್ದು, ಈ ಪದರಗಳು ಹತ್ತು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವು. ಭೂಮಿಯೊಳಗೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಒತ್ತಡವೂ ಹಾಗೆಯೇ: ಒಂದು ಕಿಲೋಮೀಟರ್ ದಪ್ಪದ ಬಂಡೆಯ ಅಡಿಯಲ್ಲಿ ಅದು ನಾವು ಉಸಿರಾಡುವ ಗಾಳಿಯ ಒತ್ತಡದ 250 ಪಟ್ಟು ಮೀರುತ್ತದೆ. ಹತ್ತು ಕಿಲೋಮೀಟರಿನ ಕೆಳಗೆ ಎಷ್ಟಾದೀತು, ಗುಣಿಸಿಕೊಳ್ಳಿ.

ಇಷ್ಟಾದರೂ ಕಲ್ಲು ಕರಗುವುದಿಲ್ಲ. ರೂಪಾಂತರ ಶಿಲೆಯ ಗುಟ್ಟು ಇರುವುದೇ ಇಲ್ಲಿ. ಕುಂಬಾರನ ಆವಿಗೆಯಲ್ಲಿ ಹಸಿ ಗಡಿಗೆ ಕರಗದೆಯೇ ಬೇರೊಂದು ವಸ್ತುವಾಗುವ ಹಾಗೆ, ಕಲ್ಲು ಗಟ್ಟಿಯಾಗಿದ್ದುಕೊಂಡೇ ಒಳಗೊಳಗೆ ಬದಲಾಗುತ್ತದೆ. ಒಂದು ಖನಿಜದ ಅಣುಗಳು ಬಿಡಿಸಿಕೊಂಡು ಪಕ್ಕದ ಖನಿಜದ ಅಣುಗಳೊಂದಿಗೆ ಹೊಸದಾಗಿ ಜೋಡಣೆಯಾಗುತ್ತವೆ. ಜೇಡಿಯ ಖನಿಜಗಳು ಹೋಗಿ ಬಿಳಿ ಅಭ್ರಕ ಮತ್ತು ಹಸಿರು ಕ್ಲೋರೈಟ್ ಹುಟ್ಟುತ್ತವೆ. ಬೋರ್ ಪುಡಿಯ ಹಸಿರು ಈ ಕ್ಲೋರೈಟಿನದು. ಎರಡೂ ಹಾಳೆಯಂಥ ಖನಿಜಗಳು. ಒತ್ತಡ ಯಾವ ದಿಕ್ಕಿನಿಂದ ಬಂತೋ ಅದಕ್ಕೆ ಅಡ್ಡಲಾಗಿ ಅವು ಸಾಲುಗಟ್ಟಿ ಮಲಗುತ್ತವೆ. ಹಾಗಾಗಿಯೇ ಈ ಸೀಮೆಯ ಕಲ್ಲಿಗೆ ಪೆಟ್ಟು ಕೊಟ್ಟರೆ ಚಕ್ಕೆಯಾಗಿ ಏಳುತ್ತದೆ. ರಸ್ತೆ ಅಗಲಿಸಲು ಗುಡ್ಡ ಕಡಿದ ಜಾಗದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತ ಪದರ ಕಂಡರೆ, ಅದು ಆ ಒತ್ತಡದ ಗುರುತು.

ಕಲ್ಲು ಹೀಗೆ ಭೂಮಿಯೊಳಗೆ ಬೆಂದು ಬದಲಾಗುತ್ತದೆ ಎಂಬುದನ್ನು ಮೊದಮೊದಲು ನಂಬದವರೂ ಇದ್ದರು. ಬಿಸಿ ಮಾಡಿದರೆ ಸುಣ್ಣಕಲ್ಲು ಅನಿಲ ಬಿಟ್ಟು ಸುಟ್ಟ ಸುಣ್ಣವಾಗಬೇಕಲ್ಲ, ಭೂಮಿಯೊಳಗೆ ಅದು ಅಮೃತಶಿಲೆ ಆಗುವುದು ಹೇಗೆ ಎಂಬುದು ಅವರ ವಾದ. ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಸೀಮೆಸುಣ್ಣದ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ಕುಲುಮೆಗೆ ಹಾಕಿದ. ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೆ ಒತ್ತಡ ಏರಿತು. ಪುಡಿ ಅಮೃತಶಿಲೆಯಂಥ ಹರಳುಗಲ್ಲಾಯಿತು. ಹತ್ತೊಂಬತ್ತನೇ ಶತಮಾನದ ಆರಂಭದ ಮಾತಿದು. ಎಷ್ಟು ನಳಿಗೆ ಸಿಡಿದವೋ! ಒಟ್ಟಿನಲ್ಲಿ ಶಾಖ ಮಾತ್ರ ಸಾಲದು, ಒತ್ತಡವೂ ಬೇಕು ಎಂಬುದು ಖಚಿತವಾಯಿತು.

ಶಾಖ ಏರಿದಂತೆ ಖನಿಜಗಳೊಳಗೆ ಕಟ್ಟಿಕೊಂಡಿದ್ದ ನೀರು ಬಿಡುಗಡೆಯಾಗುತ್ತದೆ. ಕುದಿವ ಈ ನೀರು ಸುಮ್ಮನೆ ಹೋಗುವುದಿಲ್ಲ. ಸಿಲಿಕಾ, ಗಂಧಕ, ಒಮ್ಮೊಮ್ಮೆ ಕಿಂಚಿತ್ ಚಿನ್ನವನ್ನೂ ಹೊತ್ತು ಬಿರುಕುಗಳಲ್ಲಿ ಮೇಲೇರಿ, ತಂಪಾದಲ್ಲಿ ಇಳಿಸಿಬಿಡುತ್ತದೆ. ಹೊಲದ ಬದುವಿನಲ್ಲಿ ಸಿಗುವ ಬಿಳಿ ಬೆಣಚುಕಲ್ಲಿನ ಎಳೆಗಳು ಹೀಗೆ ಆದವು. 1880ರ ದಶಕದಲ್ಲಿ ಈ ಕಲ್ಲುಗಳಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್, ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲಾಸಮೂಹ ಇದೇ ಎಂದು ಆಗಲೇ ಬರೆದ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಗುರುತಿಸಿದ್ದು ಇದೇ ಪಟ್ಟಿಯಲ್ಲಿ.

ಕರ್ನಾಟಕದ ನೆಲದ ನಿಜವಾದ ಸೋಜಿಗ ಬೇರೆಯದು. ನಮ್ಮ ನೆಲದ ಚಪ್ಪಡಿ ಉತ್ತರಕ್ಕೆ ತುಸು ವಾಲಿದೆ. ದಕ್ಷಿಣದ ತುದಿ ಹೆಚ್ಚು ಎದ್ದು, ಹೆಚ್ಚು ಸವೆದಿದೆ. ಅದಕ್ಕೇ ಹಾವೇರಿಯಿಂದ ದಕ್ಷಿಣಕ್ಕೆ ಹೋದರೆ ನೆಲದ ಮೇಲೆಯೇ ನಡೆಯುತ್ತ ಹಳೆಯ ಭೂಮಿಯ ಆಳಕ್ಕೆ ಇಳಿದಂತೆ. ಹಾವೇರಿಯ ಹತ್ತಿರ ಕ್ಲೋರೈಟ್. ಹೊಳೆನರಸೀಪುರದ ಸುತ್ತ ಇನ್ನೂ ಹೆಚ್ಚಿನ ಶಾಖದಲ್ಲಿ ಹುಟ್ಟುವ ಗಾರ್ನೆಟ್ ಮತ್ತು ನೀಲಿ ಕಯನೈಟ್. ಇನ್ನೂ ಕೆಳಗೆ, ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದಲ್ಲಿ, ಶಾಖ 700 ಡಿಗ್ರಿ ಮೀರಿದ್ದ ಆಳ. ಅಲ್ಲಿ ಬೂದು ನೈಸ್ ಬಂಡೆಯೊಳಗೆ ಕಪ್ಪು-ಹಸಿರು ಚಾರ್ನೊಕೈಟ್ ಮಚ್ಚೆ ಮಚ್ಚೆಯಾಗಿ ಹಬ್ಬಿದೆ. ಒಂದು ಕಲ್ಲು ಮತ್ತೊಂದಾಗುವ ಕೆಲಸ ನಡುವೆಯೇ ನಿಂತದ್ದನ್ನು ಅಲ್ಲಿ ಕಣ್ಣಾರೆ ನೋಡಬಹುದು. 1960ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದವರು ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು. ಆಮೇಲೆ ದೇಶವಿದೇಶದ ಭೂವಿಜ್ಞಾನಿಗಳು ಆ ಬಂಡೆಯನ್ನು ಹುಡುಕಿಕೊಂಡು ಬಂದರು.

ಕಬ್ಬಾಳದುರ್ಗಕ್ಕೆ ಹೋಲಿಸಿದರೆ ಹಾವೇರಿಯ ಕಲ್ಲು ಅರೆಬೆಂದದ್ದು. ಇಲ್ಲಿ ಶಾಖ ನಾನ್ನೂರು ಡಿಗ್ರಿಯ ಆಸುಪಾಸಿಗೇ ನಿಂತಿತು. ನನ್ನ ಮಟ್ಟಿಗೆ ಈ ನಾಡಿನ ಶಿಲ್ಪಚರಿತ್ರೆಯ ಒಂದು ಪಾಲು ಈ ಅರೆಬೆಂದ ಹದಕ್ಕೇ ಸಲ್ಲಬೇಕು. ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಬಳಪದ ಕಲ್ಲಿಗೆ, ಕ್ಲೋರೈಟ್ ತುಂಬಿದ ಹಸಿರು ಕಲ್ಲಿಗೆ ಹೊರಳಿದರು. ಜ್ವಾಲಾಮುಖಿಯ ಕಪ್ಪು ಕಲ್ಲು ನೀರು ಕುಡಿದು, ಹದ ಶಾಖದಲ್ಲಿ ಬೆಂದರೆ ಆಗುವ ಕಲ್ಲದು. ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ 7 ಅಂಕವಾದರೆ ಕ್ಲೋರೈಟಿಗೆ ಎರಡು, ಎರಡೂವರೆ, ಬಳಪಕ್ಕೆ ಒಂದೇ. ಹಾವೇರಿಯ ಸಿದ್ಧೇಶ್ವರ ಗುಡಿಯಲ್ಲಿ, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರದಲ್ಲಿ ಕಾಣುವ ನಯದ ಕೆತ್ತನೆಗೆ ಇಂಥ ಕಲ್ಲೇ ಬೇಕು. ಆ ಕಾಲದ ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿ ಉಂಗುರ ಉಂಗುರವಾಗಿ ಇಳಿಸಿದರಲ್ಲ, ಗಟ್ಟಿ ನೈಸ್ ಬಂಡೆಯಲ್ಲಿ ಅದು ಆಗುವ ಮಾತಲ್ಲ. ಶಾಖ ಇನ್ನೊಂದು ಇನ್ನೂರು ಡಿಗ್ರಿ ಏರಿದ್ದರೆ ಆ ಕಪ್ಪು ಕಲ್ಲಿನ ಕ್ಲೋರೈಟ್ ಹೋಗಿ ಹಾರ್ನ್‌ಬ್ಲೆಂಡ್ ಬಂದು ಕೂರುತ್ತಿತ್ತು. ಅದರ ಗಡಸುತನ ಐದು, ಆರು. ಉಳಿ ಜಾರುತ್ತಿತ್ತು.

ಮೆದು ಕಲ್ಲಿಗೆ ಉಳಿಯಾದರೇನು, ಗುಡಿಗೆ ಬಂದ ಹುಡುಗನ ಕೈಯ ಮೊಳೆಯಾದರೇನು. ನಾಡಿನ ಹಳೆಯ ಗುಡಿಗಳ ಕಂಬಗಳಲ್ಲಿ ಎಂಟುನೂರು ವರ್ಷದ ಮಣಿಸಾಲಿನ ಪಕ್ಕದಲ್ಲೇ ಬಾಣ ನೆಟ್ಟ ಹೃದಯ, ಎರಡು ಹೆಸರು, ಒಂದು ತಾರೀಖು ಸಿಗುವುದೂ ಇದೇ ಕ್ಲೋರೈಟಿನ ದೆಸೆಯಿಂದ.